ಗೆಳತಿಗೆ ಹೇಳಿದ ಮಾತು



ಈ ದತ್ತಿ ಉಪನ್ಯಾಸದ ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು 'ಪರಿಸರ ಸಮಸ್ಯೆ ಮತ್ತು ಪರಿಹಾರ: ವಿದ್ಯಾರ್ಥಿಗಳ ಕಥನ' ಎಂದು ಅಚ್ಚು ಹಾಕಿಸಿದ್ದಾರೆ. ಓದಿದವರು ನಾನು ಪರಿಸರ ವಿಜ್ಞಾನಿ ಎಂದುಕೊಂಡಿರಬಹುದು. ಅಲ್ಲ. ನಾನು ಕನ್ನಡ ಮೇಷ್ಟ್ರು. ಪಂಪ, ಕುಮಾರವ್ಯಾಸರನ್ನು ಪಾಠ ಮಾಡುತ್ತಿದ್ದವನಿಗೆ ಪರಿಸರ ಅಧ್ಯಯನ ಗಂಟುಬಿದ್ದದ್ದು ಬೇರೆ ಕಾರಣಕ್ಕೆ. ಒಂದು ವರ್ಷ ನನ್ನ ವರ್ಕ್‌ಲೋಡು ನಾಲ್ಕು ಗಂಟೆ ಕಡಿಮೆ ಬಿತ್ತು. ಪ್ರಾಂಶುಪಾಲರು ವೇಳಾಪಟ್ಟಿಯ ಮೇಲೆ ಬೆರಳಿಟ್ಟು, "ಇದೊಂದು ಪೇಪರ್ ಯಾರೂ ತಗೊಳ್ತಿಲ್ಲ, ನೀವು ತಗೊಳ್ಳಿ" ಎಂದರು. ಹಾಗೆ ಶುರುವಾದದ್ದು ನಿವೃತ್ತಿಯವರೆಗೂ ಬಿಡಲಿಲ್ಲ.

ಆ ಪೇಪರು ಬಂದ ದಾರಿ ಉದ್ದದ್ದು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಯುಜಿಸಿ ಪದವಿ ತರಗತಿಗಳಿಗೆ ಪಠ್ಯಕ್ರಮ ರೂಪಿಸಿ ಕಾಲೇಜುಗಳಿಗೆ ಮುಟ್ಟಿಸುವ ಹೊತ್ತಿಗೆ 2003 ದಾಟುತ್ತಿತ್ತು. ಒಟ್ಟು 50 ತರಗತಿ, ಎಂಟು ಘಟಕ. ಎಂಟನೆಯದು ಕ್ಷೇತ್ರಕಾರ್ಯ: ಊರ ಹತ್ತಿರದ ಕೆರೆಯನ್ನೋ ಗುಡ್ಡವನ್ನೋ ನೋಡಿ ಬರೆಯುವುದು, ಕೆಟ್ಟುಹೋದ ಒಂದು ಜಾಗಕ್ಕೆ ಹೋಗಿ ಬರುವುದು, ಗಿಡ, ಹುಳು, ಹಕ್ಕಿಗಳನ್ನು ಗುರುತಿಸುವುದು. ಅದಕ್ಕೆ ಕೊಟ್ಟದ್ದು ಐದು ಗಂಟೆ. ಐವತ್ತರಲ್ಲಿ ಐದು ಗಂಟೆ ಹೊರಗೆ, ಉಳಿದ ನಲವತ್ತೈದು ಫ್ಯಾನಿನ ಕೆಳಗೆ. ಆ ಐದೂ ಬಹಳ ಕಡೆ ಒಳಗೇ ಮುಗಿಯುತ್ತಿದ್ದವು ಎಂಬುದು ಇಲ್ಲಿರುವ ಅಧ್ಯಾಪಕರಿಗೆಲ್ಲ ಗೊತ್ತು.

ಮೊದಲ ವರ್ಷ ನನ್ನ ಮೇಜಿನ ಮೇಲೆ ಅರವತ್ತು ರೆಕಾರ್ಡ್ ಪುಸ್ತಕ ಬಂದವು. ಎಲ್ಲಕ್ಕೂ ಕಂದು ಕಾಗದದ ಹೊದಿಕೆ. ಒಳಗೆ ಮೂರು ಶೀರ್ಷಿಕೆ: ಸಮಸ್ಯೆ, ಕಾರಣಗಳು, ಪರಿಹಾರೋಪಾಯಗಳು. ಪರಿಹಾರೋಪಾಯಗಳ ಪುಟದಲ್ಲಿ ಗಿಡ ನೆಡಬೇಕು, ಪ್ಲಾಸ್ಟಿಕ್ ನಿಷೇಧಿಸಬೇಕು, ಕೆರೆಗಳನ್ನು ಸಂರಕ್ಷಿಸಬೇಕು, ಜನರಲ್ಲಿ ಜಾಗೃತಿ ಮೂಡಿಸಬೇಕು. ಓದುತ್ತ ಹೋದಂತೆ ನನ್ನೊಳಗಿನ ವ್ಯಾಕರಣದ ಮೇಷ್ಟ್ರು ಎಚ್ಚರಗೊಂಡ. ಕರ್ತೃ ಎಲ್ಲಿ? ನೆಡಬೇಕು ಸರಿ, ಯಾರು ನೆಡಬೇಕು? ಮೂಡಿಸಬೇಕು ಸರಿ, ಯಾರು, ಯಾರಲ್ಲಿ? ಕನ್ನಡದಲ್ಲಿ ಕರ್ತೃಪದವಿಲ್ಲದೆ ವಾಕ್ಯ ಸಲೀಸಾಗಿ ನಿಲ್ಲುತ್ತದೆ. ಕಾವ್ಯದಲ್ಲಿ ಇದು ಸೊಗಸು. ಪರಿಸರದ ಬರಹದಲ್ಲಿ ಮಾತ್ರ ದೊಡ್ಡ ತಪ್ಪಿಸಿಕೊಳ್ಳುವಿಕೆ. ಕರ್ತೃವಿಲ್ಲದ ಕಡೆ ಆರೋಪಿಯೂ ಇಲ್ಲ, ಸಂತ್ರಸ್ತರೂ ಇಲ್ಲ, ಕಥೆಯಂತೂ ಮೊದಲೇ ಇಲ್ಲ.

ಹಾಗಾಗಿ ಮರುವರ್ಷ ಒಂದು ನಿಯಮ ಮಾಡಿದೆ. ರೆಕಾರ್ಡಿನಲ್ಲಿ 'ಬೇಕು' ಎಂಬ ಶಬ್ದ ಬರಕೂಡದು. ಅವರವರ ಊರಿಗೆ ಹೋಗಿ ಒಂದು ಕಥೆ ತರಬೇಕು. (ಈ ವಾಕ್ಯದಲ್ಲೇ 'ಬೇಕು' ಇದೆ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಅಂದೇ ಎತ್ತಿ ತೋರಿಸಿದ್ದ.)

ನಮ್ಮ ಕಾಲೇಜು ಇದ್ದದ್ದು ಕೋಲಾರ ಜಿಲ್ಲೆಯಲ್ಲಿ. ನಾನು ಬೆಂಗಳೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಇದನ್ನು ಈಗಲೇ ಹೇಳಿರುತ್ತೇನೆ, ಆಮೇಲೆ ಬೇಕಾಗುತ್ತದೆ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಇಷ್ಟರಲ್ಲಿ ಬದುಕಿದ್ದು ಕೆರೆಗಳಿಂದ. ಒಂದರ ಕೋಡಿ ಹರಿದು ಇನ್ನೊಂದರ ಒಡಲಿಗೆ ಬೀಳುವಂತೆ ಕಟ್ಟಿದ ಸಾಲು ಸಾಲು ಕೆರೆಗಳು, ಏರಿ, ತೂಬು, ಅಚ್ಚುಕಟ್ಟು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚಲು ಒಬ್ಬ ನೀರಗಂಟಿ. ಕೊಳವೆಬಾವಿ ಬಂದ ಮೇಲೆ ತೂಬಿನ ಕಡೆ ನೋಡುವವರಿರಲಿಲ್ಲ. ಬೋರು ಸಾವಿರ ಅಡಿ ದಾಟಿತು. ಆ ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡು. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ತಮ್ಮೂರ ಕೆರೆ ತುಂಬಿದ್ದನ್ನು ಕಣ್ಣಾರೆ ಕಂಡಿರಲಿಲ್ಲ. 'ಕೆರೆ' ಎಂದರೆ ಅವರಿಗೆ ಕ್ರಿಕೆಟ್ ಆಡುವ ಜಾಗ.

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರದ ಕೆರೆಗೆ ನೀರು ಬಂತು. ಮಳೆಯದಲ್ಲ, ಬೆಂಗಳೂರಿನದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ ಪಂಪು ಮಾಡಿ 126 ಕೆರೆಗಳಿಗೆ ತುಂಬಿಸುವ ಯೋಜನೆ. ಸರ್ಕಾರಿ ಕಾಗದದಲ್ಲಿ 'ಸಂಸ್ಕರಿಸಿದ ತ್ಯಾಜ್ಯನೀರು'. ಜನರ ಬಾಯಲ್ಲಿ 'ಕೆ.ಸಿ. ವ್ಯಾಲಿ ನೀರು'. ಮನೆಯಲ್ಲಿ ತೆಲುಗಾಡುವ ಅಜ್ಜಿಯರ ಬಾಯಲ್ಲಿ 'ಬೆಂಗಳೂರು ನೀಳ್ಳು'. ಈ ಮೂರು ಹೆಸರುಗಳೇ ಮೂರು ಕಥೆ ಎಂದು ತರಗತಿಯಲ್ಲಿ ಹೇಳಿದ್ದೆ.

ಆ ನೀರಿನ ಜಾತಕವನ್ನು ಸ್ವಲ್ಪ ಬಿಚ್ಚುತ್ತೇನೆ. ಕೊಡಗಿನಲ್ಲಿ ಹುಟ್ಟಿದ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತಿ ಬೆಂಗಳೂರಿಗೆ ತರುತ್ತಾರೆ. ನಗರ ಅದರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆದು, ಪಾತ್ರೆ ತೊಳೆದು ಬಿಟ್ಟರೆ ಅದು ರಾಜಕಾಲುವೆ ಹಿಡಿದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿನತ್ತ ಹೋಗುವ ನೀರು. ಈಗ ಅದರಲ್ಲಿ ಒಂದು ಪಾಲನ್ನು ಕೊಳವೆಗೆ ತಿರುಗಿಸಿ ಕೋಲಾರಕ್ಕೆ ಹತ್ತಿಸಿದರು. ಕೋಲಾರ ಸೀಮೆಯ ಎಷ್ಟೋ ಕೆರೆಗಳ ಕೋಡಿ ಹರಿಯುವುದು ಪಾಲಾರ್ ಕಡೆಗೆ. ಒಂದು ಹನಿ ಮೂರು ನದಿಗಳ ಸೀಮೆ ತಿರುಗಿತು. ಯಾವ ಪುರಾಣದ ಗಂಗೆಯೂ ಇಷ್ಟು ಅಲೆದಿಲ್ಲ.

ಕೊಳವೆಯ ಆ ತುದಿಯಲ್ಲಿ ಏನಿತ್ತು ಎಂಬುದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. 2015ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. 2017ರಲ್ಲಿ ಮತ್ತೆ. 2018ರ ಜನವರಿಯಲ್ಲಿ ಹೊತ್ತಿಕೊಂಡಾಗ ಸೈನಿಕರನ್ನೇ ಇಳಿಸಬೇಕಾಯಿತು. ಸೋಪಿನ ಅಂಶ ಸೇರಿದ ನೀರು ಕೋಡಿಯಲ್ಲಿ ಧುಮ್ಮಿಕ್ಕಿದಾಗ ಗಾಳಿ ಕಲೆತು ನೊರೆಯಾಗುತ್ತದೆ. ಆ ನೊರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಮೆತ್ತಿಕೊಂಡಿತು. ನೊರೆಗೆ ಕ್ಯಾಮೆರಾ ಕಂಡರೆ ಬಲು ಪ್ರೀತಿ. ಮಾರ್ಜಕಗಳಿಂದ ಬರುವ ರಂಜಕ ಕೆರೆಯೊಳಗೆ ಸದ್ದಿಲ್ಲದೆ ಕಳೆ ಬೆಳೆಸುತ್ತಿರುತ್ತದೆ, ಅದರ ಫೋಟೊ ಯಾರೂ ತೆಗೆಯಲಾರರು. ಅಂದಹಾಗೆ ನೀರಿನ ಮೇಲೆ ತೇಲುವ ಕಳೆಗೆ ನಾವು ಅಂತರಗಂಗೆ ಎನ್ನುತ್ತೇವೆ. ಕೋಲಾರದ ಬೆಟ್ಟದಲ್ಲಿ ಬಸವಣ್ಣನ ಬಾಯಿಂದ ಬೀಳುವ ತೀರ್ಥಕ್ಕೂ ಅಂತರಗಂಗೆ ಎಂದೇ ಹೆಸರು. ಭಾಷೆ ಒಮ್ಮೊಮ್ಮೆ ಇಂಥ ಕುಚೋದ್ಯ ಮಾಡುತ್ತದೆ.

ಲಕ್ಷ್ಮೀಸಾಗರದಲ್ಲಿ ನೀರು ಬಂದ ಮರುತಿಂಗಳೇ ನೊರೆ ಕಾಣಿಸಿತು. ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಮೊಕದ್ದಮೆ ನಡೆಯಿತು. ಮೊದಲು ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟ್, ಎರಡೂ ಕಡೆ ತಡೆ ಬಂತು, ಎರಡೂ ಕಡೆ ತೆರವಾಯಿತು. ಮೂರನೇ ಹಂತದ ಶುದ್ಧೀಕರಣ ಮಾಡಿಯೇ ನೀರು ಬಿಡಿ ಎಂದು ಹೋರಾಟಗಾರರು ಕೇಳುತ್ತ ಬಂದರು. ಇತ್ತ ಬತ್ತಿದ್ದ ಬೋರುಗಳಲ್ಲಿ ನೀರು ಮೇಲೆ ಬಂತು. ಅದೂ ನಿಜ, ಇದೂ ನಿಜ. ನೊರೆ ಕಣ್ಣಿಗೆ ಬಿತ್ತು, ಅಂತರ್ಜಲ ಕಣ್ಣಿಗೆ ಬೀಳಲಿಲ್ಲ.

ಆ ವರ್ಷ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬರೆದದ್ದು ಈ ನೀರಿನ ಕಥೆ. ಅರ್ಧದಷ್ಟು 'ಬರಡು ನಾಡಿಗೆ ಭಗೀರಥ', ಇನ್ನರ್ಧ 'ವಿಷಜಲ'. ಪತ್ರಿಕೆಯ ಶೀರ್ಷಿಕೆಗಳು ಕಾಲೇಜಿಗೆ ಬಂದು ರೆಕಾರ್ಡಿನಲ್ಲಿ ಕೂತಿದ್ದವು. ಇವುಗಳ ನಡುವೆ ನರಸಾಪುರದ ಕಡೆಯ ಒಬ್ಬ ಹುಡುಗಿಯ ಪುಸ್ತಕ. ನಾಲ್ಕೇ ಪುಟ. ಅವಳ ಅಜ್ಜಿ ಒಣಗಿದ ಕೆರೆಯಂಗಳದ ಒಂದು ಮೂಲೆಯಲ್ಲಿ ಹುರುಳಿ ಚೆಲ್ಲಿ ಬೆಳೆಯುತ್ತಿದ್ದಳು. ಹೊಟ್ಟು ದನಕ್ಕೆ, ಕಾಳು ಮನೆಗೆ. ಹನ್ನೆರಡು ವರ್ಷ ಹಾಗೆ ನಡೆದಿತ್ತು. ನೀರು ಬಂದ ದಿನ ಊರವರೆಲ್ಲ ಏರಿಯ ಮೇಲೆ ನಿಂತು ತೆಂಗಿನಕಾಯಿ ಒಡೆದರು, ಪಟಾಕಿ ಹೊಡೆದರು. ಅಜ್ಜಿಯೂ ಹೋಗಿದ್ದಳು. ಹುರುಳಿ ಮುಳುಗುವುದನ್ನು ನೋಡುತ್ತ ನಿಂತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಸಾರು ಚೆನ್ನಾಗಿದೆ ಎಂದಳು. ಅಲ್ಲಿಗೆ ಮುಗಿಯಿತು.

ನಾನು ಕೆಂಪು ಶಾಯಿಯಲ್ಲಿ, "ಚೆನ್ನಾಗಿದೆ. ಆದರೆ ಪರಿಹಾರ ಎಲ್ಲಿ?" ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ.

ಹುಡುಗಿ ಸ್ಟಾಫ್ ರೂಮಿಗೆ ಬಂದಳು. "ಸಾರ್, ಪರಿಹಾರ ಬರಲಿಲ್ಲ."

"ಬರಲಿಲ್ಲ ಅಂದರೆ? ನೀನು ಬರೀಬೇಕಮ್ಮ."

"ಅರ್ಜಿ ಬರೆದಿದ್ವಿ ಸಾರ್. ಅದು ನಿಮ್ಮ ಜಾಗ ಅಲ್ಲ, ಕೆರೆ ಜಾಗ, ನಿಮಗೆ ಪರಿಹಾರ ಇಲ್ಲ ಅಂದ್ರು."

ನಗು ಬಂತು, ಅರ್ಧಕ್ಕೇ ನಿಂತಿತು. ನಾನು ಕೇಳಿದ ಪರಿಹಾರ ಒಂದು, ಅವಳಿಗೆ ಗೊತ್ತಿದ್ದ ಪರಿಹಾರ ಇನ್ನೊಂದು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಿಗೆ ಆ ಶಬ್ದದ ಅರ್ಥ ಅವತ್ತು ಬಿಚ್ಚಿಕೊಂಡಿತು. ಸಮಸ್ಯೆ ಬಗೆಹರಿದರೆ ಅದೂ ಪರಿಹಾರ. ಕಳೆದುಕೊಂಡವರಿಗೆ ಕೈಗಿಡುವ ದುಡ್ಡೂ ಪರಿಹಾರ. ಹಳಬರಲ್ಲಿ ಮಾಡಿದ ಪಾಪ ಕಳೆಯುವುದೂ ಪರಿಹಾರ, ದೋಷಪರಿಹಾರ. ಬೇರೆ ಭಾಷೆಯವರು ಮೂರಕ್ಕೆ ಮೂರು ಶಬ್ದ ಇಟ್ಟುಕೊಂಡು ನೆಮ್ಮದಿಯಾಗಿರಬಹುದು. ನಮ್ಮ ಭಾಷೆ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದೆ. ಯಾವುದನ್ನು ಎತ್ತಿದರೂ ಉಳಿದೆರಡು ಜೊತೆಗೇ ಬರುತ್ತವೆ. ಕೆರೆ ತುಂಬಿತು ಎಂದಾಗಲೇ ಯಾರದು ಮುಳುಗಿತು, ದೋಷ ಯಾರದು ಎಂಬ ಪ್ರಶ್ನೆಗಳೂ ಆ ಶಬ್ದದೊಳಗೆ ಕೂತಿರುತ್ತವೆ. ನಮ್ಮ ರೆಕಾರ್ಡಿನ ಮೂರನೇ ಶೀರ್ಷಿಕೆ ಮೊದಲನೆಯದನ್ನು ಮಾತ್ರ ಕೇಳುತ್ತಿತ್ತು.

ಆ ಸಂಜೆ ಬಸ್ಸಿನಲ್ಲಿ ನೆನಪಾದದ್ದು 'ಕೆರೆಗೆ ಹಾರ'. ಇಲ್ಲಿ ಯಾರಿಗೂ ಅದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ, ಶಾಲೆಯಲ್ಲಿ ಓದಿದ್ದೀರಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ. ಹೊತ್ತಗೆ ತೆಗೆಸುತ್ತಾರೆ. ಸೊಸೆಯನ್ನು ಹಾರ ಕೊಡಬೇಕು ಎಂದು ಬರುತ್ತದೆ. ಕಿರಿಯ ಸೊಸೆ ಭಾಗೀರಥಿ ಹಾರವಾಗುತ್ತಾಳೆ, ಕೆರೆ ತುಂಬುತ್ತದೆ. ಸಮಸ್ಯೆ, ಕಾರಣ, ಪರಿಹಾರ. ಯಾವ ರೆಕಾರ್ಡಿಗೂ ಕಡಿಮೆಯಿಲ್ಲದ ಕ್ರಮ. ಕೆರೆ ಕಟ್ಟಿಸಿದವರು ಶಾಸನ ಹಾಕಿಸುವುದುಂಟು. ಅದರಲ್ಲಿ ಕಟ್ಟಿಸಿದವನ ಹೆಸರು, ಅವನ ಒಡೆಯನ ಹೆಸರು, ಪುಣ್ಯ, ಕಾಯದವರಿಗೆ ಶಾಪ ಎಲ್ಲ ಇರುತ್ತದೆ. ಹಾಡು ಮಾತ್ರ ಸೊಸೆಯ ಹಿಂದೆ ಹೋಯಿತು. ನಮ್ಮ ಯೋಜನಾ ವರದಿಗಳು ಶಾಸನದ ವಂಶದವು. ಅವನ್ನು ಬರೆಯಲು ಇಂಜಿನಿಯರುಗಳಿದ್ದಾರೆ, ಅವರಿಗೆ ಸಂಬಳವಿದೆ. ನಮ್ಮ ಹುಡುಗರು ಸಂಬಳವಿಲ್ಲದೆ ಶಾಸನ ಬರೆಯುತ್ತ ಕೂತಿದ್ದರು.

ಆ ಹಾಡಿನಲ್ಲಿ ಇನ್ನೊಂದು ಜಾಗವಿದೆ. ನಾನು ಹಲವು ವರ್ಷ ಅದನ್ನು ಬೇಗಬೇಗ ದಾಟಿಬಿಟ್ಟಿದ್ದೆ. ಸುದ್ದಿ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಯಾಕಮ್ಮ ಬಂದೆ, ಯಾಕೆ ಮುಖ ಬಾಡಿದೆ ಎಂದು ಹೆತ್ತವರು ಕೇಳಿದರೆ ಅವಳು ಹೇಳುವುದು ಬೇರೆ ಏನೋ: ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಅಲ್ಲಿಂದ ಎದ್ದು ಗೆಳತಿಯ ಮನೆಗೆ ಹೋಗುತ್ತಾಳೆ. ನಿಜ ಹೊರಬೀಳುವುದು ಅಲ್ಲಿ. ಅಪ್ಪ ಅಮ್ಮನಿಗೆ ಹೇಳದ್ದನ್ನು ಗೆಳತಿಗೆ ಹೇಳಿದಳು. ಗೆಳತಿ ಅವಳನ್ನು ಉಳಿಸಲಿಲ್ಲ, ಉಳಿಸುವ ಶಕ್ತಿಯೂ ಅವಳಿಗಿರಲಿಲ್ಲ. ಆದರೆ ಅವಳೊಬ್ಬಳು ಇಲ್ಲದಿದ್ದರೆ ನಮಗೆ ಹಾಡು ಸಿಗುತ್ತಿರಲಿಲ್ಲ, ಕೆರೆಯೊಂದು ಸಿಗುತ್ತಿತ್ತು.

ಫಾರಂ ಹಿಡಿದು ಹಳ್ಳಿಗೆ ಹೋದವರಿಗೆ ಸಿಗುವುದು ತವರಿನಲ್ಲಿ ಹೇಳಿದ ಮಾತು. "ನೀರು ಬಂದೈತೇನಜ್ಜಿ?" "ಬಂದೈತಪ್ಪ, ಚೆನ್ನಾಗೈತೆ." ಟಿಕ್. ಯಾಕೆ ಹಾಗನ್ನುತ್ತಾರೆ? ಇಲ್ಲ ಅಂದರೆ ನೀರು ನಿಲ್ಲಿಸಿಯಾರು, ಪಿಂಚಣಿ ನಿಲ್ಲಿಸಿಯಾರು, ಊರ ಹಿರಿಯರ ಮುಖ ಕೆಟ್ಟೀತು. ಅದೇ ಅಜ್ಜಿ ಬೇಲಿಯಾಚೆಯ ಓರಗೆಯವಳ ಜೊತೆ ಅವರೆಕಾಯಿ ಬಿಡಿಸುತ್ತ ಆಡುವ ಮಾತು ಬೇರೆ. ಆ ಹುಡುಗಿಗೆ ಅದನ್ನೇ ಹೇಳಿದೆ: ನಿನ್ನ ಅಂಕ ಹಾಗಿರಲಿ, ತಪ್ಪು ನನ್ನದು, ತಿದ್ದುತ್ತೇನೆ. ಇನ್ನೊಂದು ಸಲ ಹೋಗು. ಏನೂ ಕೇಳಬೇಡ, ಅವರೆಕಾಯಿ ಬಿಡಿಸು.

ಎರಡನೇ ಕರಡು ಹದಿನೇಳು ಪುಟ ಬಂತು. ಅದರಲ್ಲಿ ಬಂದ ಸಂಗತಿಗಳು ಯಾವ ಪತ್ರಿಕೆಯಲ್ಲೂ ಒಟ್ಟಿಗೆ ಬಂದಿರಲಿಲ್ಲ. ಕೆರೆಯಿಂದ ನೇರವಾಗಿ ಹೊಲಕ್ಕೆ ಪಂಪು ಹಚ್ಚುವಂತಿಲ್ಲ, ನೀರು ಅಂತರ್ಜಲಕ್ಕೆ ಮಾತ್ರ ಎಂಬುದು ಯೋಜನೆಯ ನಿಯಮ. ಆದ್ದರಿಂದ ನೀರು ಊರಿಗೆ ಬಂದರೂ ಸಿಕ್ಕಿದ್ದು ಬೋರು ಇದ್ದವರಿಗೆ. ಬತ್ತಿದ ಬೋರು ಚಿಮ್ಮಿದವರು ಟೊಮೆಟೊ ಹಾಕಿದರು. ಬೋರಿಲ್ಲದವರು ಆ ಟೊಮೆಟೊ ಕೀಳಲು ಕೂಲಿಗೆ ಹೋದರು. ಅಜ್ಜಿಯೂ ಹೋದಳು. ಹುರುಳಿಯ ಕಾಲಕ್ಕಿಂತ ಕೈಯಲ್ಲಿ ಕಾಸು ಹೆಚ್ಚೇ ಆಡಿತು. ಹಾಗೆಂದು ಅವಳೇ ಒಪ್ಪಿಕೊಂಡಿದ್ದಳು, ಹುಡುಗಿ ಮುಚ್ಚಿಡದೆ ಬರೆದಿದ್ದಳು. ಆದರೆ ಹಸು ಮಾರಿದರು, ಹುರುಳಿ ಹೊಟ್ಟಿಲ್ಲದೆ. ಊರ ಗಂಗಮ್ಮನ ಪೂಜೆಗೆ ಈ ನೀರು ಮುಟ್ಟಿಸಬೇಕೋ ಬೇಡವೋ ಎಂದು ಎರಡು ಗುಂಪಾಯಿತು. ಕೊನೆಗೆ ಟ್ಯಾಂಕರಿನ ನೀರಿನಲ್ಲಿ ಕಳಶ ತುಂಬಿದರು. ತುಂಬಿದ ಕೆರೆಯ ದಂಡೆಯಲ್ಲಿ ಟ್ಯಾಂಕರ್ ನಿಲ್ಲಿಸಿ ಗಂಗೆಪೂಜೆ.

ಈ ಹುಡುಗಿ ಯೋಜನೆಯ ಪರವೋ ವಿರೋಧವೋ ಎಂದು ಬಾಹ್ಯ ಪರೀಕ್ಷಕರು ಮೌಖಿಕದಲ್ಲಿ ಕೇಳಿದರು. "ಸಾರ್, ನಾನು ಆ ಊರಿನವಳು" ಎಂದಳು. ಇದು ಉತ್ತರವೇ ಅಲ್ಲ ಎಂದು ಅವರು ಗೊಣಗಿದರು. ನನಗದು ಸರಿಯಾದ ಉತ್ತರವೆಂದೇ ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ.

ಪರ–ವಿರೋಧ ಬೇಡವೆಂದಲ್ಲ. 2020ರ ಫೆಬ್ರುವರಿಯಲ್ಲಿ ಒಂದು ಅಂತರಕಾಲೇಜು ಶಿಬಿರ ನಡೆಯಿತು, ಕೊರೊನಾಕ್ಕೆ ಸ್ವಲ್ಪ ಮುಂಚೆ. ಬೆಳ್ತಂಗಡಿ ಕಡೆಯ ಒಬ್ಬಳು ಎತ್ತಿನಹೊಳೆಯ ಕಥೆ ಹೇಳಿದಳು, ಘಟ್ಟದ ಹಳ್ಳಗಳ ನೀರನ್ನು ಕೋಲಾರದ ಕಡೆಗೆ ತಿರುಗಿಸುವ ಯೋಜನೆಯದು. ಸಕಲೇಶಪುರದ ಘಟ್ಟದಲ್ಲಿ ಅಗೆದ ಮಣ್ಣು, ಕಾಡಿನ ನಡುವೆ ಲಾರಿಗಳು ಮಾಡಿದ ದಾರಿ, ನೇತ್ರಾವತಿಗೆ ಸೇರುವ ಹಳ್ಳಗಳಿಗೆ ಅಡ್ಡ ಎದ್ದ ಕಟ್ಟೆಗಳು. ಸಭೆ ಚಪ್ಪಾಳೆ ತಟ್ಟಿತು. ನಮ್ಮ ಕಾಲೇಜಿನ ಹುಡುಗರು ಮಾತ್ರ ಕೈ ಕಟ್ಟಿಕೊಂಡಿದ್ದರು. ಅವರು ಹುಟ್ಟಿದಾಗಿನಿಂದ ಶಾಶ್ವತ ನೀರಾವರಿ ಎಂಬ ಎರಡು ಶಬ್ದ ಕೇಳುತ್ತ ಬೆಳೆದವರು, ಘಟ್ಟದ ನೀರನ್ನು ಬಯಲುಸೀಮೆಗೆ ತರಬೇಕೆಂದ ಪರಮಶಿವಯ್ಯ ವರದಿಯ ಹೆಸರನ್ನು ಅಜ್ಜಂದಿರ ಬಾಯಲ್ಲಿ ಕೇಳಿದವರು. ಎತ್ತಿನಹೊಳೆ ಅವಳಿಗೆ ಸಮಸ್ಯೆ, ಇವರಿಗೆ ಪರಿಹಾರ. ಒಬ್ಬ ಎದ್ದು, "ನಿಮ್ಮ ಕಡೆ ಮಳೆ ಎಷ್ಟು?" ಎಂದ. ಅವಳು ಹೇಳಿದಳು. "ನಮ್ಮಲ್ಲಿ 700" ಎಂದು ಕೂತ. ಅವನದು ಅಷ್ಟೇ ಕಥೆ. ಅವಳು ಸುಮ್ಮನಾದಳು.

ಚಹಾದ ಹೊತ್ತಿನಲ್ಲಿ ಇಬ್ಬರೂ ಜಗಲಿಯ ಮೇಲೆ ಕೂತು ಲೆಕ್ಕ ಹಾಕುತ್ತಿದ್ದರು. ಯೋಜನೆ ಹೇಳುವುದು 24.01 ಟಿಎಂಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಆ ಹಳ್ಳಗಳಲ್ಲಿ ಅಂದಾಜಿಸಿದ್ದು 9.55. "ಅಲ್ಲಿ ಅಷ್ಟು ನೀರೇ ಇಲ್ಲದಿದ್ದರೆ ನಿಮಗೇನು ಬರುತ್ತದೆ ಮಾರಾಯ?" ಎಂದು ಅವಳು ಕೇಳುತ್ತಿದ್ದಳು. "ಅದೇ ನಾನೂ ಯೋಚನೆ ಮಾಡ್ತಿರೋದು" ಎಂದು ಇವನು. ವೇದಿಕೆಯ ಮೇಲೆ ಎದುರಾಳಿಗಳಾಗಿದ್ದವರು ಜಗಲಿಯ ಮೇಲೆ ಇಬ್ಬರಿಗೂ ಒಂದೇ ಕಡೆ ಮೋಸವಾಗುತ್ತಿದೆಯೇ ಎಂದು ತಲೆ ಕೆಡಿಸಿಕೊಂಡಿದ್ದರು. ಆಮೇಲೆ ಇಬ್ಬರೂ ಸೇರಿ ಬರೆಯಬಹುದಾಗಿತ್ತು. ಲಾಕ್‌ಡೌನ್ ಬಂತು. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದಲ್ಲಿ ಚಾಲನೆ ಸಿಕ್ಕಿತು. ಆ ಹುಡುಗ ಈಗ ನರಸಾಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಮೊನ್ನೆ ಫೋನಿನಲ್ಲಿ, ಸಾರ್, ಆ ಲೆಕ್ಕದ ಚೀಟಿ ಇನ್ನೂ ಇದೆ ಎಂದ.

ಇಲ್ಲಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಸಣ್ಣ ತಕರಾರು. ನಿಮ್ಮ ಕಥೆಗಳು ಈಗ ಕಂದು ಹೊದಿಕೆಯಿಂದ ರೀಲ್ಸ್‌ಗೆ ಬಂದಿವೆ. ಒಣಕೆರೆ, ಸಂಗೀತ, ತುಂಬಿದ ಕೆರೆ, ಮೇಲಿಂದ ಡ್ರೋನ್. ಅರವತ್ತು ಸೆಕೆಂಡಿನಲ್ಲಿ ಸಮಸ್ಯೆಯೂ ಪರಿಹಾರವೂ ಮುಗಿಯುತ್ತದೆ. ನೋಡಲು ಚಂದ. ಅಷ್ಟು ಮೇಲಿಂದ ಹುರುಳಿ ಹೊಲ ಕಾಣುವುದಿಲ್ಲ ಅಷ್ಟೆ. ತೇಜಸ್ವಿಯವರ 'ಪರಿಸರದ ಕಥೆ'ಯಲ್ಲಿ ಕಿವಿ ಎಂಬ ನಾಯಿಯ ಹಿಂದೆ ಕಾಡು ತಿರುಗಿದ್ದು ನಮ್ಮ ತಲೆಮಾರಿಗೆ ಸಿಕ್ಕ ಭಾಗ್ಯ. ಆ ಪುಸ್ತಕದಲ್ಲಿ ನಾಯಿಯಷ್ಟು ಎತ್ತರದಿಂದ ನೋಡಿದ ಜಗತ್ತಿದೆ. ಡ್ರೋನು ಹಾರಿಸುವವರು ಒಮ್ಮೆ ಅಷ್ಟು ಕೆಳಗೆ ಇಳಿದು ನೋಡಿ.

ಇನ್ನು ನನ್ನ ವಿಷಯ. ಹದಿನೇಳು ಪುಟ ಓದಿದ ಮೇಲೆ ಆ ಅಜ್ಜಿಯನ್ನು ನೋಡಲೇಬೇಕು ಎನಿಸಿತು. ಒಂದು ಶನಿವಾರ ಹೋದೆ. ಜಗಲಿಯ ಮೇಲೆ ಚಾಪೆ ಹಾಕಿದರು, ಮಜ್ಜಿಗೆ ಕೊಟ್ಟರು. ಮೊದಲು, "ನೀರು ಬಂದೈತೆ ಮೇಷ್ಟ್ರೇ, ಚೆನ್ನಾಗೈತೆ" ಎಂದಳು. ನಾನು ತವರಿನವನಾಗಿ ಹೋಗಿದ್ದೆನಲ್ಲ. ಸುಮ್ಮನೆ ಕೂತೆ. ಮುಂದಿದ್ದ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡೆ. ಬಿಡಿಸುವುದು ಬರುವುದಿಲ್ಲ ಎಂದು ಅವಳಿಗೆ ಎರಡೇ ಕಾಯಿಗೆ ಗೊತ್ತಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು. "ನಿಮ್ಮನೆ ಬೆಂಗಳೂರ್ನಾಗೆ ಎಲ್ಲಿ?"

"ಕೋರಮಂಗಲದ ಹತ್ತಿರ."

ಅವಳು ಮೊಮ್ಮಗಳ ಕಡೆ ನೋಡಿದಳು. ಹುಡುಗಿ ತೆಲುಗಿನಲ್ಲಿ ಏನೋ ಹೇಳಿದಳು. ಅಜ್ಜಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ನನ್ನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು.

"ಅಂಗಂದ್ರೆ ಇದು ನಿಮ್ಮನೆ ನೀರೇ ಅನ್ನಿ."

ಹೌದು ಎಂದೆ.

"ಬಟ್ಟೆಗೆ ಯಾವ ಸೋಪು ಆಕ್ತೀರ?"

ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಮನೆಗೆ ಫೋನು ಮಾಡಿ ಕೇಳಿದೆ.